ಡೊಂಕಿಯ ಹಗ್ಗ

ಡೊಂಕಿ ಮೊದಲ ಸಲ ದಾರಿ ತಪ್ಪಿ ಪಕ್ಕದ ಮನೆಯ ಚಿಕ್ಕಗೌರಮ್ಮನ ಕೊಟ್ಟಿಗೆಗೆ ಹೋಗಿ ನಿಂತಾಗ ಬೀದಿಯವರೆಲ್ಲ ನಕ್ಕರು. ನಿಮ್ಮೆಮ್ಮೆಗೆ ನಮ್ಮನೆ ಕಲಗಚ್ಚೇ ರುಚಿಯಂತೆ ಎಂದು ಚಿಕ್ಕಗೌರಮ್ಮ ತಾನೇ ಹಗ್ಗ ಹಿಡಿದು ಕರೆತಂದು ಬಿಟ್ಟುಹೋದಳು. ಎರಡನೆಯ ಸಲವೂ ನಕ್ಕರು. ಆಮೇಲೆ ಅದು ಕೆರೆಯಿಂದ ವಾಪಸಾಗುವಾಗ ಅರಳಿಕಟ್ಟೆಯ ಕವಲಿನಲ್ಲಿ ನಿಂತು, ಎಡಕ್ಕೋ ಬಲಕ್ಕೋ ಗೊತ್ತಾಗದೆ, ಬಿಸಿಲು ಇಳಿಯುವವರೆಗೂ ಮೆಲುಕು ಹಾಕುತ್ತ ಅಲ್ಲೇ ಉಳಿಯತೊಡಗಿದಾಗ ನಗುವವರು ಕಡಿಮೆಯಾದರು. ಹುಟ್ಟಿದಂದಿನಿಂದ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡ ಎಮ್ಮೆ ಅದು. ಎಡಗೊಂಬು ಕೆಳಕ್ಕೆ ಬಾಗಿ ಕಿವಿಗೆ ತಾಗುವಂತಿದ್ದುದರಿಂದ ಡೊಂಕಿ ಎಂದು ಹೆಸರಾಗಿತ್ತು.

ಅದರ ಒಡತಿ ದ್ರಾಕ್ಷಾಯಣಮ್ಮ ಮಾತ್ರ ಮೊದಲ ಸಲವೂ ನಗಲಿಲ್ಲ. ಹೊನ್ನವಳ್ಳಿಯ ಮಗ್ಗುಲಿನ ಆ ಊರಿಗೆ ಸೊಸೆಯಾಗಿ ಬಂದು ಒಂದು ಆಯುಷ್ಯವೇ ಕಳೆದಿದ್ದ ಅವಳಿಗೂ ಈಚೆಗೆ ಕೆಲವು ಸಂಗತಿಗಳು ಕೈತಪ್ಪುತ್ತಿದ್ದವು. ಒಲೆಯ ಮೇಲೆ ಹಾಲಿಟ್ಟು ತೋಟಕ್ಕೆ ಹೋಗಿಬಿಡುತ್ತಿದ್ದಳು. ಅಟ್ಟ ಹತ್ತಿ, ಒಣಗಲು ಹಾಕಿದ ಕೊಬ್ಬರಿಕಾಯಿಯ ರಾಶಿಯ ಮುಂದೆ ನಿಂತು, ತಾನು ಯಾಕೆ ಹತ್ತಿದೆನೆಂದು ಯೋಚಿಸಿ ಯೋಚಿಸಿ, ಬರಿಗೈಯಲ್ಲಿ ಇಳಿಯುತ್ತಿದ್ದಳು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಕವಲಿನಲ್ಲಿ ನಿಂತ ಡೊಂಕಿಯ ಕಣ್ಣು ನೋಡಿದರೆ ಅವಳ ಎದೆ ಝಲ್ಲೆನ್ನುತ್ತಿತ್ತು.

ಗಂಡ ರೇವಣಸಿದ್ದಯ್ಯನದು ಬೇರೆ ಲೆಕ್ಕ. ಕೆಟ್ಟ ಮನುಷ್ಯನಲ್ಲ. ತೆಂಗಿನ ತೋಟದಲ್ಲಿ ಹುಟ್ಟಿ ಬೆಳೆದವನು, ಸುಳಿ ಒಣಗಿದ ಮರವನ್ನು ಕಡಿದು ಆ ಜಾಗದಲ್ಲಿ ಸಸಿ ಇಡುವುದೇ ಧರ್ಮವೆಂದು ನಂಬಿದವನು. ಡೊಂಕಿ ಬೆದೆಗೆ ಬಂದು ಎಷ್ಟೋ ವರ್ಷವಾಗಿತ್ತು, ಕರುವಿಲ್ಲ, ಹಾಲಿಲ್ಲ, ಈಗ ದಾರಿಯೂ ಗೊತ್ತಿಲ್ಲ. ಒಂದು ದಿನ ಊಟಕ್ಕೆ ಕೂತಾಗ, ಗೊಡ್ಡು ಬಿದ್ದ ಎಮ್ಮೆಗೆ ಹುಲ್ಲು ಯಾಕೆ ದಂಡ, ಸಂತೆಗೆ ಹೊಡೆಯೋಣ ಎಂದುಬಿಟ್ಟ.

ಗೊಡ್ಡು ಎಂಬುದು ಆ ಮನೆಯಲ್ಲಿ ಹಗುರಾದ ಮಾತಲ್ಲ. ದ್ರಾಕ್ಷಾಯಣಮ್ಮನಿಗೆ ಮಕ್ಕಳಾಗಿರಲಿಲ್ಲ. ಅತ್ತೆ ಬದುಕಿರುವವರೆಗೂ ಆ ಮಾತನ್ನು ಅವಳ ಬೆನ್ನ ಹಿಂದೆಯೂ ಆಡಿದ್ದರು, ಮುಖದ ಮೇಲೂ ಆಡಿದ್ದರು. ರೇವಣಸಿದ್ದಯ್ಯ ಒಂದು ಸಲವೂ ಆಡಿದವನಲ್ಲ, ಎಮ್ಮೆಯ ವಿಷಯಕ್ಕೆ ಬಾಯಿ ತಪ್ಪಿ ಬಂತು. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಗೊಡ್ಡಾದವರನ್ನೆಲ್ಲ ಸಂತೆಗೆ ಹೊಡೆಯುವುದಾದರೆ ಈ ಮನೆಯಿಂದ ಎರಡು ಜೀವ ಹೊರಡಬೇಕಾಗುತ್ತದೆ ಎಂದಳು. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಮತ್ತೆ ಸಂತೆಯ ಸುದ್ದಿ ಎತ್ತಲಿಲ್ಲ.

ಮಕ್ಕಳಾಗಿರಲಿಲ್ಲ ಎಂದೆನಲ್ಲ, ಆದರೆ ಮನೆಯಲ್ಲಿ ಮಗುವಿರಲಿಲ್ಲ ಎಂದಲ್ಲ. ದ್ರಾಕ್ಷಾಯಣಮ್ಮನ ಅಣ್ಣ ತುರುವೇಕೆರೆಯಲ್ಲಿದ್ದ. ಅವನ ಹೆಂಡತಿ ತೀರಿಕೊಂಡು, ಅವನು ಇನ್ನೊಂದು ಮದುವೆಗೆ ಅವಸರ ಮಾಡಿದಾಗ, ಅವನ ಮಗಳು ಲಿಖಿತಾಳನ್ನು ಇವಳು ಕರೆದುಕೊಂಡು ಬಂದಳು. ಆಗ ಅವಳಿಗೆ ಎಂಟು ವರ್ಷ. ಡೊಂಕಿ ಹುಟ್ಟಿದ್ದೂ ಅದೇ ವರ್ಷ. ಹುಡುಗಿಯೂ ಕರುವೂ ಒಂದೇ ಅಂಗಳದಲ್ಲಿ ಬೆಳೆದವು. ಡೊಂಕಿ ಮಲಗಿದರೆ ಅದರ ಹೊಟ್ಟೆಗೆ ಒರಗಿಕೊಂಡು ಲಿಖಿತಾ ಮಗ್ಗಿ ಹೇಳುತ್ತಿದ್ದಳು, ಅದು ಕಿವಿ ಆಡಿಸುತ್ತ ಕೇಳುತ್ತಿತ್ತು. ಬಾಗಿಲಲ್ಲಿ ನಿಂತು “ಡೊಂಕೀ, ಬಾರೇ” ಎಂದು ರಾಗವಾಗಿ ಎಳೆದು ಕೂಗಿದರೆ ಕೆರೆಯಂಗಳದಲ್ಲಿದ್ದರೂ ಕತ್ತೆತ್ತಿ ಹೊರಡುತ್ತಿತ್ತು. ಹಗಲೆಲ್ಲ ಅತ್ತೆ ಅತ್ತೆ ಎನ್ನುವ ಹುಡುಗಿ ಜ್ವರ ಬಂದಾಗ ಮಾತ್ರ ಅಮ್ಮಾ ಎನ್ನುತ್ತಿದ್ದಳು. ಆ ಒಂದು ಕೂಗಿಗೆ ದ್ರಾಕ್ಷಾಯಣಮ್ಮ ತನ್ನ ಅತ್ತೆಯ ಮಾತುಗಳನ್ನೆಲ್ಲ ಕ್ಷಮಿಸಿಬಿಟ್ಟಿದ್ದಳು.

ಈ ಕಥೆಗೆ ಬೇಕಾದ ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಆ ಊರಿನವರು ದನ ಮಾರಿದರೆ ಹಗ್ಗ ಮಾರುವುದಿಲ್ಲ. ಕೊಂಡವನು ತನ್ನ ಹಗ್ಗ ತರಬೇಕು, ಅದನ್ನು ದನದ ಕೊರಳಿಗೆ ಕಟ್ಟಿಯೇ ಹೊಡೆದುಕೊಂಡು ಹೋಗಬೇಕು. ಹಳೆಯ ಹಗ್ಗ ಬಿಚ್ಚಿ ಕೊಟ್ಟಿಗೆಯ ಗೋಡೆಯ ಗೂಟಕ್ಕೆ ನೇತುಹಾಕಿದರೆಂದರೆ ಋಣ ಹರಿಯಿತು, ಆ ಜೀವ ಇನ್ನು ಈ ಮನೆಯದಲ್ಲ. ಹಗ್ಗದ ಸಮೇತ ಕೊಡುವುದು ಪಾಲಿಗೆ ಕೊಡುವಾಗ ಮಾತ್ರ. ಸಾಕುವ ಶಕ್ತಿಯಿದ್ದವರು ಒಯ್ದು ಸಾಕುತ್ತಾರೆ, ಹುಟ್ಟಿದ ಕರುವಿನಲ್ಲಿ ಪಾಲಾಗುತ್ತದೆ, ತಾಯಿ ಮಾತ್ರ ಹಗ್ಗದ ಜೊತೆ ತನ್ನ ಮನೆಗೆ ಬರುತ್ತದೆ. ಇದಕ್ಕೆ ಕಾಗದ ಪತ್ರ ಏನೂ ಇಲ್ಲ. ಹಗ್ಗವೇ ಮಾತು.

ಲಿಖಿತಾಗೆ ಇದು ಚೆನ್ನಾಗಿ ಗೊತ್ತಿತ್ತು, ಎಷ್ಟು ಚೆನ್ನಾಗಿ ಎಂಬುದಕ್ಕೆ ಊರೇ ಸಾಕ್ಷಿ. ಡೊಂಕಿ ಹಾಕಿದ ಮೊದಲ ಗಂಡುಕರುವನ್ನು ಮಾರಿದ ದಿನ, ಕೊಂಡವನು ಹೊಸ ಹಗ್ಗ ಕಟ್ಟುವುದನ್ನು ನೋಡಿ ಹುಡುಗಿ ಯಾಕೆಂದು ಕೇಳಿದಳು. ದ್ರಾಕ್ಷಾಯಣಮ್ಮ ಮೇಲಿನಷ್ಟನ್ನೂ ಬಿಡಿಸಿ ಹೇಳಿದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಗೂಟದ ಮೇಲಿನ ಹಗ್ಗವೂ ಇಲ್ಲ, ಹುಡುಗಿಯೂ ಇಲ್ಲ. ಹಗ್ಗವನ್ನು ಕೊರಳಿಗೆ ಹಾಕಿಕೊಂಡು ಹೊನ್ನವಳ್ಳಿ ರಸ್ತೆಯಲ್ಲಿ ಓಡುತ್ತಿದ್ದಳಂತೆ. ಕರು ಕೊಂಡವನನ್ನು ಅಡ್ಡಗಟ್ಟಿ, ಈ ಹಗ್ಗವನ್ನೂ ಕಟ್ಟಿಕೊಂಡು ಹೋಗು, ಆಗ ಅದು ವಾಪಸ್ ಬರುತ್ತೆ ಎಂದು ಅತ್ತಳಂತೆ. ಆ ಮನುಷ್ಯ ಅವಳನ್ನು ಸಮಾಧಾನ ಮಾಡಿ ಮನೆಗೆ ಬಿಟ್ಟುಹೋದ. ಆ ಕಥೆಯನ್ನು ಊರಿನವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು, ದ್ರಾಕ್ಷಾಯಣಮ್ಮನಂತೂ ಹೇಳುವಾಗ ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಂಥ ಹುಡುಗಿ ಬೆಳೆದು ಪಶುವೈದ್ಯ ಓದಿದಳು. ಅದಕ್ಕೂ ಮೇಲೆ ಏನೋ ಓದಿ, ತುಮಕೂರಿನಾಚೆ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಹಬ್ಬಕ್ಕೆ ಬಂದಾಗಲೆಲ್ಲ ಅಂಗಳದಲ್ಲಿ ಕೂತು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದಳು. ಹೆಣ್ಣು ಪ್ರಾಣಿಗಳಿಗೆ ವಯಸ್ಸಾಗುವುದು ಮೊದಲು ಅಂಡಾಶಯದಲ್ಲಂತೆ. ಅದು ಸೊರಗಿದ ಮೇಲೆ ಮೆದುಳೂ ಬೇಗ ಸೊರಗುತ್ತದಂತೆ. ಒಂದನ್ನು ಹಿಡಿದು ನಿಲ್ಲಿಸಿದರೆ ಇನ್ನೊಂದೂ ನಿಲ್ಲುತ್ತದೋ ಏನೋ, ನಿಲ್ಲುವುದಷ್ಟೇ ಅಲ್ಲ, ಹಿಂದಕ್ಕೇ ತಿರುಗುತ್ತದೋ ಏನೋ, ಅದನ್ನು ನೋಡುವುದೇ ಅವರ ಕೆಲಸ. ಇಲಿಗಳ ಮೇಲೆ ಮಾಡಿ ಆಗಿತ್ತು, ಈಗ ದೊಡ್ಡ ಪ್ರಾಣಿ ಬೇಕಿತ್ತು.

ಆ ಸಲ ಬಂದವಳು ಕೊಟ್ಟಿಗೆಗೆ ಹೋಗಿ “ಡೊಂಕೀ, ಬಾರೇ” ಎಂದಳು. ಡೊಂಕಿ ಕತ್ತೆತ್ತಲಿಲ್ಲ. ಹತ್ತಿರ ಹೋಗಿ ಮೂತಿ ಸವರಿದರೂ ಯಾರೋ ಎಂಬಂತೆ ನೋಡಿತು. ಲಿಖಿತಾ ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಆಮೇಲೆ, ಡೊಂಕಿಯನ್ನು ಕೇಂದ್ರಕ್ಕೆ ಕೊಡುತ್ತೀಯಾ ಎಂದು ಅತ್ತೆಯನ್ನು ಕೇಳಿದಳು. ಅಲ್ಲಿ ಔಷಧಿ ಕೊಡುತ್ತಾರೆ, ಚರ್ಮದ ಕೆಳಗೆ ಸಣ್ಣ ಗುಳಿಗೆ ಇಡುತ್ತಾರೆ, ನೋವಿಲ್ಲ, ಹೊಟ್ಟೆತುಂಬ ಮೇವು ಎಂದಳು.

ದ್ರಾಕ್ಷಾಯಣಮ್ಮ ರಾಗಿ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತದೆ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು.

“ಮಾರಾಟ ಅಂದ್ರೆ ಆಗಾಕಿಲ್ಲ ಕಣವ್ವ. ಈ ವಯಸ್ನಾಗೆ ಅವ್ಳನ್ನ ಮನೆ ಬುಡಿಸಾಕಿಲ್ಲ ನಾನು.”

“ಯಾರು ಮಾರು ಅಂದೋರು ಅತ್ತೆ?” ಎಂದಳು ಲಿಖಿತಾ. “ಪಾಲಿಗೆ ಕೊಡು. ಹಗ್ಗದ ಸಮೇತ ಕೊಡು, ಹೊಡ್ಕೊಂಡೋಗ್ತೀನಿ.”

ಅಷ್ಟು ಸಾಕಾಯಿತು. ಹಗ್ಗವನ್ನು ಕೇಳಿದವಳು ಹಗ್ಗ ಹೊತ್ತು ಓಡಿದ ಹುಡುಗಿ. ಬೇರೆ ಯಾರು ಬಂದು ಎಷ್ಟು ಬೆಣ್ಣೆ ಹಚ್ಚಿದರೂ ದ್ರಾಕ್ಷಾಯಣಮ್ಮ ಬಗ್ಗುತ್ತಿರಲಿಲ್ಲ. ಮಾರನೆಯ ವಾರ ಕೇಂದ್ರದ ವ್ಯಾನು ಬಂತು. ಓಡಿಸುವವನು ಮಾಯಸಂದ್ರದ ಕಡೆಯ ಪರಮೇಶ್, ಮಾತಿನಲ್ಲಿ ನಯವಿದ್ದವನು. ದ್ರಾಕ್ಷಾಯಣಮ್ಮ ಡೊಂಕಿಯ ಮೈತೊಳೆದು, ಕೊಂಬಿಗೆ ಎಣ್ಣೆ ಸವರಿ, ತೆಂಗಿನ ನಾರಿನ ಹಗ್ಗವನ್ನು ತಾನೇ ಲಿಖಿತಾಳ ಕೈಗೆ ಕೊಟ್ಟಳು. ಆ ಹಗ್ಗದ ತುದಿಗೆ ಅವಳ ಹಳೆಯ ಸೀರೆಯ ಕೆಂಪು ಅಂಚನ್ನು ಸೇರಿಸಿ ಹೊಸೆದಿತ್ತು, ಗುರುತಿಗೆಂದು. ಪಕ್ಕದ ಜಗಲಿಯಿಂದ ಚಿಕ್ಕಗೌರಮ್ಮ, ಎಮ್ಮೆಗೆ ಹರೆಯ ಬರುವ ಮದ್ದು ನಮಗೂ ಒಂದು ಗುಟುಕು ತಾರವ್ವ ಎಂದು ಕೂಗಿದಳು. ಎಲ್ಲರೂ ನಕ್ಕರು, ಲಿಖಿತಾಳೂ ನಕ್ಕಳು.

ಗೂಟ ಬರಿದಾಗಿ ಉಳಿಯಿತು. ಅದನ್ನು ನೋಡಿದಾಗಲೆಲ್ಲ ದ್ರಾಕ್ಷಾಯಣಮ್ಮನಿಗೆ ಧೈರ್ಯವಾಗುತ್ತಿತ್ತು. ಹಗ್ಗ ಮನೆಯಲ್ಲಿಲ್ಲ, ಅಂದರೆ ಡೊಂಕಿ ಬರುತ್ತದೆ.

ಮೊದಮೊದಲು ಲಿಖಿತಾ ಫೋನಿನಲ್ಲಿ ಡೊಂಕಿಯ ವಿಡಿಯೋ ಕಳಿಸುತ್ತಿದ್ದಳು. ಅಗಲವಾದ ಓಣಿ, ಅದರ ಕೊನೆಗೆ ಮೂರು ಬಾಗಿಲು, ಒಂದರ ಮೇಲೆ ನೀಲಿ ಬಟ್ಟೆ. ನೀಲಿ ಬಟ್ಟೆಯ ಹಿಂದೆ ಹಿಂಡಿ ಇಟ್ಟಿರುತ್ತಾರೆ. ಡೊಂಕಿ ಮೊದಲು ನಡುವೆ ನಿಂತುಬಿಡುತ್ತಿತ್ತು, ಊರ ಕವಲಿನಲ್ಲಿ ನಿಂತ ಹಾಗೆಯೇ. ಕೆಲವು ತಿಂಗಳಾದ ಮೇಲಿನ ವಿಡಿಯೋದಲ್ಲಿ ಅದು ಮೂತಿ ಮುಂದೆ ಮಾಡಿಕೊಂಡು ನೇರ ನೀಲಿ ಬಟ್ಟೆಗೆ ಹೋಯಿತು. ದ್ರಾಕ್ಷಾಯಣಮ್ಮ ಅದನ್ನು ಚಿಕ್ಕಗೌರಮ್ಮನಿಗೆ ತೋರಿಸಿದಳು, ಹಾಲಿನ ಡೈರಿಯಲ್ಲಿ ಸಾಲಾಗಿ ನಿಂತವರಿಗೆಲ್ಲ ತೋರಿಸಿದಳು, ಕೊನೆಗೆ ಗಂಡನಿಗೂ ತೋರಿಸಿದಳು. ಅವನು ಕನ್ನಡಕ ಏರಿಸಿ ನೋಡಿ, ಪರವಾಗಿಲ್ಲ ಕಣೇ ಎಂದ. ಆಮೇಲೆ ಇನ್ನೂ ದೊಡ್ಡ ಸುದ್ದಿ ಬಂತು. ಡೊಂಕಿ ಬೆದೆಗೆ ಬಂದಿತ್ತು. ಅದರ ಹಿಂದೆಯೇ ಗಬ್ಬವಾಗಿರುವ ಸುದ್ದಿಯೂ ಬಂತು.

ಅವಳು ಒಂದು ಸಲ ಹಟ ಹಿಡಿದು ನೋಡಲಿಕ್ಕೂ ಹೋದಳು. ಹೊನ್ನವಳ್ಳಿಗೆ ಆಟೋ, ತಿಪಟೂರಿಗೆ ಬಸ್ಸು, ಅಲ್ಲಿಂದ ರೈಲು. ಸೆರಗಿನಲ್ಲಿ ಒಂದು ಹೋಳು ಕೊಬ್ಬರಿ, ಡೊಂಕಿಗೆ ಚಿಕ್ಕಂದಿನಿಂದ ಇದ್ದ ಚಟ. ದೊಡ್ಡ ತಗಡಿನ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ್ದ ಮುದಿ ಎಮ್ಮೆಗಳ ನಡುವೆ ಅದು ಎಲ್ಲಿದೆಯೆಂದು ಇವಳು ಹುಡುಕುವ ಮೊದಲೇ ಅದು ಇವಳನ್ನು ಕಂಡಿತು. ಕೊರಳೆತ್ತಿ ಒಂದು ಸಲ ಕೂಗಿದ್ದು ಇಡೀ ಮಾಡಿಗೆ ಕೇಳಿಸಿತು. ಮೈಯಲ್ಲಿ ಎಣ್ಣೆಗಪ್ಪು ಮಿಂಚು ಬಂದಿತ್ತು, ಕಣ್ಣಿನ ಮಂಕು ಹೋಗಿತ್ತು. ಸೆರಗಿನ ಗಂಟಿಗೆ ತಾನಾಗಿಯೇ ಮೂತಿ ತೂರಿಸಿತು. ದ್ರಾಕ್ಷಾಯಣಮ್ಮ ಅದರ ಡೊಂಕು ಕೊಂಬು ಹಿಡಿದುಕೊಂಡು ನಿಂತಲ್ಲೇ ಅತ್ತಳು. ಕಳೆದುಹೋದವರು ಹೀಗೂ ತಿರುಗಿ ಬರುತ್ತಾರಾ ಎಂದು ಅವಳಿಗೆ ಆಶ್ಚರ್ಯ. ಹಾಗಾದರೆ ತನಗೂ ಭಯಪಡುವಂಥದ್ದು ಏನಿಲ್ಲ ಎನ್ನಿಸಿತು.

ಹೊರಡುವಾಗ ಲಿಖಿತಾಳಿಗೆ, ಕರು ಹಾಕಿ ಹಾಲು ಬಿಡಿಸಿದ ಮೇಲೆ ಇವಳನ್ನು ಕಳಿಸಿಬಿಡು, ಕರು ಬೇಕಾದರೆ ನಿಮ್ಮ ಪಾಲಿಗಿರಲಿ ಎಂದಳು. ಲಿಖಿತಾ ಆಗಲಿ ಅತ್ತೆ ಎಂದಳು. ನೆಲ ನೋಡಿಕೊಂಡು ಹೇಳಿದಳು ಎಂಬುದು ದ್ರಾಕ್ಷಾಯಣಮ್ಮನಿಗೆ ಹೊಳೆದದ್ದು ಬಹಳ ಆಮೇಲೆ.

ಡೊಂಕಿ ಹೆಣ್ಣುಕರು ಹಾಕಿತು. ದ್ರಾಕ್ಷಾಯಣಮ್ಮ ಬೀದಿಗೆಲ್ಲ ಬೆಲ್ಲ ಹಂಚಿದಳು. ಗೊಡ್ಡು ಎಂದವರಿಗೆ ಒಂದೊಂದು ಅಚ್ಚು ಜಾಸ್ತಿಯೇ ಕೊಟ್ಟಳು ಅನ್ನಿ. ಕೊಟ್ಟಿಗೆಯ ಮೇಲೆ ಹೊಸ ಗರಿ ಹೊದಿಸಿದಳು, ಗೋದಲಿಯ ಒಡಕನ್ನು ಗಾರೆ ಹಾಕಿ ಮುಚ್ಚಿಸಿದಳು. ರೇವಣಸಿದ್ದಯ್ಯನೇ ತೋಟದ ಬದುವಿನಲ್ಲಿ ಹಸಿರು ಮೇವಿನ ಬೀಜ ಚೆಲ್ಲಿಸಿದ. ಕರು ಬೆಳೆಯಿತು. ಯಾವಾಗ ಕಳಿಸುತ್ತೀಯೆಂದು ಫೋನು ಮಾಡಿದರೆ ಲಿಖಿತಾ ಒಂದು ಸಲ ಪರೀಕ್ಷೆ ಬಾಕಿ ಇದೆಯೆಂದಳು, ಇನ್ನೊಂದು ಸಲ ಕೇಂದ್ರದ ದೊಡ್ಡವರು ಊರಲ್ಲಿಲ್ಲವೆಂದಳು. ಆಮೇಲೆ ಫೋನು ಎತ್ತುವುದೇ ಅಪರೂಪವಾಯಿತು. ಕೆಲಸ ಜಾಸ್ತಿಯೇನೋ ಪಾಪ ಎಂದುಕೊಂಡಳು ಅತ್ತೆ.

ಒಂದು ಬೆಳಿಗ್ಗೆ ವ್ಯಾನಿನ ಸದ್ದು ಕೇಳಿ ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಪರಮೇಶ್ ಹಿಂಬಾಗಿಲು ತೆಗೆದು ಒಂದು ಎಮ್ಮೆಗರುವನ್ನು ಇಳಿಸಿದ. ಡೊಂಕಿಯದೇ ಮೂತಿ, ಹಣೆಯ ಮೇಲೆ ಅದೇ ಸುಳಿ. ಕೊರಳಲ್ಲಿ ನೀಲಿ ಪ್ಲಾಸ್ಟಿಕ್ ಹಗ್ಗ. ಅವಳು ಕರುವಿನ ತಲೆ ಸವರಿ, ವ್ಯಾನಿನೊಳಕ್ಕೆ ಇಣುಕಿದಳು. ಒಳಗೆ ಒಂದಿಷ್ಟು ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

ತಾಯಿ ಎಲ್ಲಿ ಎಂದು ಕೇಳಿದಳು. ಪರಮೇಶ್ ಅವಳ ಮುಖ ನೋಡಿದ, ಆಮೇಲೆ ಜಗಲಿಯ ಮೇಲಿದ್ದ ರೇವಣಸಿದ್ದಯ್ಯನ ಮುಖ ನೋಡಿದ.

“ಮೇಡಮ್ಮು ಹೇಳ್ಲಿಲ್ವಾ ಅಮ್ಮಾವ್ರೆ?” ಎಂದ. “ಅವುಗಳ ಕೆಲ್ಸ ಮುಗೀತಲ್ಲ. ಹೋದ ಸೋಮವಾರ ಇಂಜೆಕ್ಷನ್ ಕೊಟ್ಟು ಎಲ್ಲಾನೂ ಮುಗ್ಸಿದ್ರು.”

ಅವಳಿಗೆ ಅರ್ಥವಾಗಲಿಲ್ಲ. ಆದದ್ದನ್ನು ಮೂರು ನಾಲ್ಕು ಸಲ ಕೇಳಿದಳು. ಅವನು ಪಾಪ ತಿಳಿದಷ್ಟನ್ನು ಬಿಡಿಸಿ ಹೇಳಿದ. ಮೆದುಳು ನಿಜವಾಗಿ ಎಳೆಯದಾಗಿದೆಯೋ ಇಲ್ಲವೋ ಎಂದು ಬದುಕಿರುವಾಗ ತಲೆ ತೆರೆದು ನೋಡಲಿಕ್ಕಾಗುವುದಿಲ್ಲ. ಮೆದುಳನ್ನೂ ಅಂಡಾಶಯವನ್ನೂ ಹೊರತೆಗೆದು, ತೆಳುವಾಗಿ ಕೊಯ್ದು, ಯಂತ್ರದ ಕೆಳಗಿಟ್ಟು ನೋಡಬೇಕು. ಔಷಧಿ ಹಿಡಿಸಿದ ಎಮ್ಮೆಗೂ ಅದೇ, ಹಿಡಿಸದ ಎಮ್ಮೆಗೂ ಅದೇ. ಆ ಮಾಡಿನ ಕೆಳಗೆ ಕಟ್ಟಿದ ಯಾವ ಎಮ್ಮೆಯೂ ವಾಪಸ್ ಹೋಗುವುದಿಲ್ಲ, ಅದು ಮೊದಲ ದಿನದಿಂದ ಅಲ್ಲಿಯ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕರುವನ್ನು ಮಾತ್ರ ಮೇಡಮ್ಮು ದೊಡ್ಡವರ ಕೈಕಾಲು ಹಿಡಿದು ಇಲ್ಲಿಗೆ ಕಳಿಸಿದ್ದಂತೆ. ಇಷ್ಟು ಹೇಳಿ ಅವನು ಒಂದು ಲೋಟ ನೀರನ್ನೂ ಕುಡಿಯದೆ ಹೊರಟುಹೋದ.

ಮೊದಲ ದಿನದಿಂದ ಎಂಬ ಮಾತು ದ್ರಾಕ್ಷಾಯಣಮ್ಮನ ಕಿವಿಯಲ್ಲೇ ಉಳಿಯಿತು. ಹಾಗಾದರೆ ಜಗಲಿಯ ಮೇಲೆ ಕೂತಿದ್ದಾಗಲೂ ಗೊತ್ತಿತ್ತು. ಪಾಲಿಗೆ ಕೊಡು ಎಂದಾಗಲೂ ಗೊತ್ತಿತ್ತು. ಹಗ್ಗದ ಸಮೇತ ಎಂದಾಗಲಂತೂ ಗೊತ್ತಿತ್ತು. ಎಮ್ಮೆ ಸತ್ತಿತೆಂದು ಅವಳಿಗೆ ದುಃಖವಾಗಲಿಲ್ಲ ಎಂದಲ್ಲ, ಆದರೆ ಅದಕ್ಕಿಂತ ದೊಡ್ಡದು ಬೇರೊಂದಿತ್ತು. ತಾನು ಎಲ್ಲಿ ಬಗ್ಗುತ್ತೇನೆಂದು ಆ ಹುಡುಗಿಗೆ ತಿಳಿದಿತ್ತು, ಯಾಕೆಂದರೆ ತಾನೇ ಕಲಿಸಿದ್ದು. ಮೋಸ ಮಾಡುವವರು ಹೊರಗಿನ ಮಾತಾಡಿ ಮೋಸ ಮಾಡುತ್ತಾರೆ. ಇವಳು ಮನೆಯ ಮಾತನ್ನೇ ಆಡಿ ಮಾಡಿದಳು.

ರೇವಣಸಿದ್ದಯ್ಯ ಮೆಲ್ಲಗೆ ಪಕ್ಕಕ್ಕೆ ಬಂದು, ಬುಡು ಕಣೇ, ಹೆಂಗೂ ವಯಸ್ಸಾಗಿತ್ತು ಎಂದ. ಅವಳು ಅವನ ಕಡೆ ತಿರುಗಿ ಹೇಳಿದಳು.

“ನೀವು ಸಂತೆಗೆ ಹೊಡಿತೀನಿ ಅಂತ ನನ್ನ ಮುಖದ ಮೇಲೇ ಅಂದ್ರಿ. ನಿಮ್ಮ ಕೂಡೆ ಜಗಳ ಆಡಿ ಅವ್ಳನ್ನ ಉಳ್ಸಿಕೊಂಡೆ. ಇವಳು ಜಗಳ ಆಡಾಕೂ ಬುಡ್ಲಿಲ್ವಲ್ಲಾ.”

ಅವನು ಕರುವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ ಕಟ್ಟಿದ. ಚಿಕ್ಕಗೌರಮ್ಮ ಬಂದು ಅವಳ ಪಕ್ಕದಲ್ಲಿ ಕೂತಳು. ಸಾಮಾನ್ಯವಾಗಿ ಬಾಯಿ ಮುಚ್ಚದ ಹೆಂಗಸು, ಅವತ್ತು ಎಲೆಯಡಿಕೆಯನ್ನಷ್ಟೇ ಮಡಿಸಿ ಕೊಟ್ಟಳು.

ಭಾನುವಾರ ಲಿಖಿತಾ ತಾನೇ ಬಂದಳು. ಕಣ್ಣು ಊದಿತ್ತು. ಹೆಗಲಿನಲ್ಲಿ ಚೀಲ. ಒಳಗೆ ಬಾ ಎಂದು ಯಾರೂ ಕರೆಯದಿದ್ದರಿಂದ ಅಂಗಳದಲ್ಲೇ ನಿಂತಳು. ದ್ರಾಕ್ಷಾಯಣಮ್ಮ ಒಲೆಯ ಮೇಲೆ ಹಾಲಿಟ್ಟು, ಉರಿ ಸಣ್ಣ ಮಾಡಿ, ಕೊಟ್ಟಿಗೆಯ ಬಾಗಿಲಿಗೆ ಬಂದು ಕೂತಳು. ಮಾತು ಶುರು ಮಾಡಿದವಳು ಲಿಖಿತಾಳೇ. ಡೊಂಕಿಗೆ ನೋವಾಗಲಿಲ್ಲ ಎಂದಳು. ಎಲ್ಲ ಎಮ್ಮೆಗಳಿಗಿಂತ ಡೊಂಕಿಯ ಮೆದುಳೇ ಚೆನ್ನಾಗಿತ್ತು, ಇನ್ನೂ ಕರು ಹಾಕದ ಪಡ್ಡೆಯ ಮೆದುಳಿನಂತಿತ್ತು, ನೋಡಿದವರೆಲ್ಲ ಬೆರಗಾದರು ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ದುಃಖದ ಜೊತೆಗೆ ಹೆಮ್ಮೆಯೂ ಇತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ದ್ರಾಕ್ಷಾಯಣಮ್ಮನಿಗೆ ಗೊತ್ತಾಯಿತು.

“ಹೇಳಿದ್ರೆ ನೀನು ಕೊಡ್ತಿರ್ಲಿಲ್ಲ ಅತ್ತೆ,” ಎಂದಳು ಕೊನೆಗೆ.

“ಹೂಂ ಕಣವ್ವ, ಕೊಡ್ತಿರ್ಲಿಲ್ಲ. ಅದಕ್ಕೇ ಹೇಳ್ಬೇಕಾಗಿತ್ತು.”

ಲಿಖಿತಾ ತಲೆ ತಗ್ಗಿಸಿದಳು. ಕೊಟ್ಟಿಗೆಯೊಳಗೆ ಕರು ಗೋದಲಿಗೆ ಮೂತಿ ಉಜ್ಜುತ್ತಿತ್ತು. ದ್ರಾಕ್ಷಾಯಣಮ್ಮನಿಗೆ ಆ ವಾರವೆಲ್ಲ ಕೊರೆಯುತ್ತಿದ್ದ ಪ್ರಶ್ನೆ ಒಂದೇ. ಅದನ್ನು ಈಗ ಕೇಳಿದಳು.

“ಅವತ್ತು ಅವ್ಳನ್ನ ಆ ಸೂಜಿ ಚುಚ್ಚೋ ತಾವಕ್ಕೆ ನಡ್ಸಿಕೊಂಡೋದೋರು ಯಾರು?”

ಲಿಖಿತಾ ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ, ಅದೊಂದನ್ನು ಅವಳ ಲೆಕ್ಕಕ್ಕೆ ಬರೆಯಬೇಕು.

“ಬೇರೆ ಯಾರು ಹಿಡಿದೆಳೆದ್ರೂ ಹೆಜ್ಜೆ ಕೀಳ್ಲಿಲ್ಲ ಅತ್ತೆ. ಕೊನೆಗೆ ನಾನೇ ಕೂಗ್ದೆ. ಬಂದ್ಲು.”

ಡೊಂಕೀ, ಬಾರೇ. ಹೇಗೆ ಕೂಗಿರುತ್ತಾಳೆಂದು ದ್ರಾಕ್ಷಾಯಣಮ್ಮನಿಗೆ ಕೇಳಿಸಿದಂತಾಯಿತು. ಆ ರಾಗ, ಆ ಎಳೆತ. ಊರಿನಲ್ಲಿದ್ದ ಕೊನೆಯ ದಿನಗಳಲ್ಲಿ ಅದೇ ಕೂಗಿಗೆ ಕತ್ತೆತ್ತದ ಎಮ್ಮೆ. ಹಾಗೆಯೇ ಬಿಟ್ಟಿದ್ದರೆ ಯಾರು ಕರೆದರೋ, ಎಲ್ಲಿಗೆ ಹೊರಟೆನೋ ತಿಳಿಯದೆ ಸತ್ತಿರುತ್ತಿತ್ತು. ಇವರು ಅದಕ್ಕೆ ಗುರುತನ್ನು ತಿರುಗಿ ಕೊಟ್ಟರು, ಆಮೇಲೆ ಅದರ ಗುರುತಿನವರನ್ನೇ ಮುಂದೆ ನಿಲ್ಲಿಸಿ ಕರೆಸಿದರು. ನೆನಪು ಬಂದದ್ದರಿಂದಲೇ ಅದು ನಡೆದುಕೊಂಡು ಹೋಯಿತು. ದ್ರಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ದಿನ ಬಾರದಿದ್ದ ಅಳು ಆಗ ಬಂತು.

ಲಿಖಿತಾ ಹತ್ತಿರ ಬಂದು ಅವಳ ಕಾಲ ಬಳಿ ಕುಳಿತಳು. ತಾನು ಇದನ್ನೆಲ್ಲ ಯಾರಿಗಾಗಿ ಮಾಡಿದ್ದೆಂದು ಹೇಳಿದಳು. ಒಲೆಯ ಮೇಲೆ ಹಾಲು ಮರೆಯುವುದು, ಅಟ್ಟದಿಂದ ಬರಿಗೈಯಲ್ಲಿ ಇಳಿಯುವುದು, ಹೆಸರು ನೆನಪಾಗದೆ ತೊದಲುವುದು, ಎಲ್ಲವನ್ನೂ ತಾನು ನೋಡಿದ್ದೇನೆಂದಳು. ಇನ್ನು ಕೆಲವು ವರ್ಷಕ್ಕೆ ಈ ಔಷಧಿ ಹೆಂಗಸರಿಗೂ ಬರುತ್ತದೆ, ಆಗ ನೀನು ಯಾವುದನ್ನೂ ಮರೆಯುವುದಿಲ್ಲ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಅವಳ ಪ್ರೀತಿಯೂ ಸುಳ್ಳಲ್ಲ, ಅದೇ ಇದರಲ್ಲಿ ತಡೆಯಲಾರದ್ದು.

“ನಂಗ್ ಬ್ಯಾಡ ಕಣವ್ವ,” ಎಂದಳು ದ್ರಾಕ್ಷಾಯಣಮ್ಮ, ಕಣ್ಣೊರೆಸಿಕೊಂಡು. “ನೀನು ಕೂಗಿದ್ರೆ ಎದ್ದು ಬರ್ತೀನಲ್ಲ ನಾನೂ. ಆ ನೆನಪು ಹೋದ್ರೆ ಒಳ್ಳೇದು.”

ಲಿಖಿತಾ ಎದ್ದು ನಿಂತಳು. ಏನು ಮಾಡಬೇಕೆಂದು ತಿಳಿಯದೆ ಚೀಲ ತೆರೆದು, ಡೊಂಕಿಯ ಹಗ್ಗವನ್ನು ಹೊರತೆಗೆದಳು. ಅಚ್ಚುಕಟ್ಟಾಗಿ ಸುತ್ತಿ ಇಟ್ಟಿದ್ದಳು. ತುದಿಯ ಕೆಂಪು ಅಂಚು ಮಾಸಿತ್ತು. ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಕೇಂದ್ರದಲ್ಲಿ ಎಸೆಯುವುದರಲ್ಲಿದ್ದರು, ತಾನೇ ಕೇಳಿ ಇಸಿದುಕೊಂಡೆ ಎಂದಳು.

ದ್ರಾಕ್ಷಾಯಣಮ್ಮ ಹಗ್ಗವನ್ನು ನೋಡಿದಳು, ಬರಿದಾದ ಗೂಟವನ್ನು ನೋಡಿದಳು. ಕೈ ಮುಂದೆ ಮಾಡಲಿಲ್ಲ.

“ಅದನ್ನ ಇಸ್ಕೊಂಡ್ರೆ ನಾನು ಡೊಂಕಿನ ಮಾರ್ದಂಗಾಯ್ತದೆ. ನಾನು ಮಾರಿಲ್ಲ. ಪಾಲಿಗೆ ಕೊಟ್ಟಿದ್ದೀನಿ.”

“ಅತ್ತೆ,” ಎಂದಳು ಲಿಖಿತಾ.

“ಹಗ್ಗ ನಿನ್ನ ತಾವೇ ಇರ್ಲಿ. ಅವ್ಳು ಬಂದಾಗ ಅವ್ಳ ಜೊತೇಲಿ ತಗೊಂಡ್ ಬಾ.”

ಲಿಖಿತಾಳ ಕೈ ಚಾಚಿದಂತೆಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವಳು ಹಗ್ಗವನ್ನು ಚೀಲಕ್ಕೆ ಹಾಕಲಿಕ್ಕೂ ಆಗದೆ, ಅಂಗಳದಲ್ಲಿ ಇಡಲಿಕ್ಕೂ ಆಗದೆ, ಹಾಗೇ ಹಿಡಿದುಕೊಂಡು ಹೊರಟಳು. ಹೊನ್ನವಳ್ಳಿ ರಸ್ತೆಯಲ್ಲಿ, ತೆಂಗಿನ ಮರಗಳ ನಡುವೆ, ಹಗ್ಗ ಹಿಡಿದು ಹೋಗುವ ಹುಡುಗಿಯನ್ನು ಚಿಕ್ಕಗೌರಮ್ಮ ತನ್ನ ಜಗಲಿಯಿಂದ ನೋಡಿದಳು. ಹಿಂದೊಮ್ಮೆಯೂ ನೋಡಿದ್ದಳು. ಈ ಸಲ ನಗು ಬರಲಿಲ್ಲ.

ದ್ರಾಕ್ಷಾಯಣಮ್ಮ ರಸ್ತೆಯ ಕಡೆ ತಿರುಗಿ ನೋಡದೆ ಒಳಗೆ ಹೋದಳು. ಒಲೆಯ ಮೇಲಿನ ಹಾಲು ಉಕ್ಕುವುದರಲ್ಲಿತ್ತು. ಸರಿಯಾದ ಹೊತ್ತಿಗೆ ಇಳಿಸಿದಳು. ಅವತ್ತು ಅವಳು ಯಾವುದನ್ನೂ ಮರೆಯಲಿಲ್ಲ.